ಎರಡು ಮಾರು ಹಗ್ಗ

ಪುಣೆಯ ಸದಾಶಿವ ಪೇಠೆಯ ನಮ್ಮ ವಾಡೆಯ ಅಂಗಳದಲ್ಲಿ, ಹೌದ ಎಂಬ ನೀರಿನ ತೊಟ್ಟಿಯ ಪಕ್ಕದ ಗೂಟಕ್ಕೆ, ಒಂದು ಹಗ್ಗ ನೇತಾಡುತ್ತಿದೆ. ಅರ್ಧ ನಮ್ಮದು, ಅರ್ಧ ನಮ್ಮದಲ್ಲ. ನಡುವೆ ಒಂದು ಗಂಟು. ಕಾತ್ರಜದಿಂದ ನೆಲದಡಿಯ ಕಾಲುವೆಯಲ್ಲಿ ಬರುವ ನೀರು ಪೇಠೆಯವರ ಮೇಲೆ ದಯೆಯಿಟ್ಟು ಹೌದದಲ್ಲಿ ಮೇಲೆಯೇ ನಿಲ್ಲುವುದರಿಂದ ಇಲ್ಲಿ ಎರಡು ಮಾರು ಹಗ್ಗವಿದ್ದರೆ ಸಂಸಾರ ಸಾಗುತ್ತದೆ. ಜಗತ್ತಿನ ನೀರೆಲ್ಲ ಎರಡು ಮಾರಿನೊಳಗೇ ಇದೆಯೆಂದು ಬಿ.ಎ. ಮುಗಿಸುವವರೆಗೂ ನಂಬಿದ್ದೆ, ಮಿತ್ರರೇ. ಕಾಲೇಜಿನಲ್ಲಿ ಯಾರೂ ತಿದ್ದಲಿಲ್ಲ.

ನನ್ನ ಸೋದರತ್ತೆ ಧಾರವಾಡದವಳು, ವಿಧವೆಯಾದ ಮೇಲೆ ನಮ್ಮ ವಾಡೆಯಲ್ಲೇ ಇರುವವಳು, ಮಡಿಯಲ್ಲಿ ಉಕ್ಕು. ಆ ವರ್ಷ ಶಿವರಾತ್ರಿಗೆ ಗೋಕರ್ಣಕ್ಕೆ ಹೊರಟಳು, ಜೊತೆಗೆ ನಾನು. ಉಗಿಹಡಗಿನ ನಲ್ಲಿಗಳೊಳಗೆ ತೊಗಲಿನ ಬಿಲ್ಲೆಯಿರುತ್ತದೆಂದು ಯಾರೋ ಹೇಳಿದ್ದರಿಂದ ಮುಂಬಯಿಯಲ್ಲಿ ಹಾಯಿಯ ಪತ್ತೇಮಾರಿ ಹತ್ತಿದೆವು. ಕುಡಿಯಲು ಪುಣೆಯಿಂದಲೇ ಒಂದು ಕೊಡ ನೀರು ತಂದಿದ್ದೆವು. ಮೊದಲ ಬೆಳಿಗ್ಗೆಯೇ ಅಲೆಯ ಹೊಡೆತಕ್ಕೆ ಉರುಳಲಿದ್ದ ಆ ಕೊಡವನ್ನು ಖಲಾಸಿಯೊಬ್ಬ ಓಡಿಬಂದು ಹಿಡಿದು ನಿಲ್ಲಿಸಿದ. ಅತ್ತೆ ಅವನನ್ನು ಹರಸಿ, ಮೈಲಿಗೆಯಾದ ನೀರನ್ನೆಲ್ಲ ಸಮುದ್ರಕ್ಕೆ ಸುರಿದಳು. ಸಮುದ್ರಕ್ಕೆ ಅದರ ಅಗತ್ಯವಿದ್ದಂತೆ ಕಾಣಲಿಲ್ಲ.

ಮರುದಿನ ಮಧ್ಯಾಹ್ನ ಹಡಗು ಕೊಂಕಣದ ದಾಭೋಳದ ಅಳಿವೆಯಲ್ಲಿ, ದಡದ ಹಳೆಯ ಮಸೀದಿಗೆ ಎದುರಾಗಿ ಲಂಗರು ಹಾಕುವಾಗ, ಅವಳ ಗಂಟಲಿಗೆ ಹನಿ ನೀರಿಳಿದು ಒಂದು ದಿನದ ಮೇಲಾಗಿತ್ತು. ಅರವತ್ತು ದಾಟಿದ ಜೀವ. ತುಟಿ ಒಡೆದಿತ್ತು, ದನಿ ಉಡುಗಿತ್ತು. ನನಗೆ ನಿಜಕ್ಕೂ ಭಯವಾಯಿತು.

“ರಾಘ್ಯಾ, ಗುಡಿ ಬಾವಿ ನೀರಿದ್ರ ತಾ,” ಎಂದಳು. “ಇಲ್ಲಂದ್ರ ಗೋಕರ್ಣದಾಗ ಕುಡೀತೀನಿ.”

ಗೋಕರ್ಣ ಇನ್ನೂ ನಾಲ್ಕು ದಿನದ ದಾರಿ. ಕಡಲಿನ ಇಳಿತ ಶುರುವಾದೊಡನೆ ಹೊರಡುವೆನೆಂದು ಹಡಗಿನ ಯಜಮಾನ ಹೇಳಿಬಿಟ್ಟಿದ್ದ. ಹಗ್ಗ ಕಟ್ಟಿದ ತಂಬಿಗೆ ಹಿಡಿದು ನಾನು ಇಳಿದೆ.

ಒಂದು ಕಾಲಕ್ಕೆ ಅರಬೀ ಕುದುರೆಗಳು ಇಳಿದು ಬಿಜಾಪುರದ ಲಾಯಗಳಿಗೆ ನಡೆಯುತ್ತಿದ್ದ ಬಂದರವಂತೆ ಅದು. ಈಗ ಒಣಮೀನು, ತೆಂಗಿನಕಾಯಿ, ಬಾಲ ಅಲ್ಲಾಡಿಸಲೂ ಬೇಸರವಾದ ಒಂದು ನಾಯಿ. ಚರಿತ್ರೆ ಓದಿದವನಾದ್ದರಿಂದ ನಾನು ಒಂದು ಮುರುಕು ಕಮಾನಿನ ಮುಂದೆ ನಿಂತು, ಸಾಮ್ರಾಜ್ಯಗಳ ಏಳುಬೀಳುಗಳನ್ನು ಸಾವಕಾಶವಾಗಿ ಚಿಂತಿಸಿದೆ. ಅತ್ತೆ ಬಾಯಾರಿ ಕೂತಿದ್ದಾಳೆಂಬುದು ನೆನಪಾದದ್ದು ಆಮೇಲೆ. ಹೇಳಲು ನಾಚಿಕೆಯಾಗುತ್ತದೆ, ಹೇಳುತ್ತಿದ್ದೇನೆ.

ಗುಡಿ ದಿಬ್ಬದ ಮೇಲಿತ್ತು. ಬಾವಿಯೂ ಇತ್ತು. ತಂಬಿಗೆ ಬಿಟ್ಟೆ, ಅದು ಎರಡು ಮಾರು ಇಳಿದು ಗಾಳಿಯಲ್ಲಿ ತೂಗಿತು. ನೀರು ಇನ್ನೂ ಪಾತಾಳದ ಹತ್ತಿರ ಎಲ್ಲೋ ಮಿನುಗುತ್ತಿತ್ತು. ಹಗ್ಗ ಕೇಳೋಣವೆಂದರೆ ಊರಿಗೆ ಊರೇ ಮಧ್ಯಾಹ್ನದ ನಿದ್ದೆಯಲ್ಲಿತ್ತು. ಆ ನಿದ್ದೆಯ ಪಾವಿತ್ರ್ಯವನ್ನು ಪುಣೆಯವನಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೂ ಮೂರು ಬಾಗಿಲು ಬಡಿದೆ. ಒಂದೂ ತೆರೆಯಲಿಲ್ಲ. ಕೆಳಗೆ ಹಾಯಿ ಏರಿಸುತ್ತಿದ್ದರು.

ಓಡಿದೆ. ಹಡಗಿಗೆ ಎದುರಿದ್ದ ದಡದ ಮಸೀದಿಯ ಬಾವಿಯಲ್ಲಿ ಒಬ್ಬ ಮುದುಕಿ ನೀರು ಸೇದುತ್ತಿದ್ದಳು. ನನ್ನ ಜನಿವಾರ ನೋಡಿದಳು, ಹಗ್ಗ ನೋಡಿದಳು. ನೀರಿಗೆ ಬಂದೆಯೋ ಬಾವಿ ನೋಡಲು ಬಂದೆಯೋ ಎಂದು ಕೊಂಕಣದ ಮರಾಠಿಯಲ್ಲಿ ಕೇಳಿದಳು. ಹಡಗಿನ ಕಡೆ ಕೈ ತೋರಿಸಿ, “ಅತ್ತೆ,” ಎಂದಷ್ಟೇ ಹೇಳಲಾಯಿತು. ಅವಳು ತನ್ನ ಕೊಡದ ಕೊರಳಿನಿಂದ ಹಗ್ಗ ಬಿಚ್ಚಿ, ನೆಲದ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಳು. ನಾನು ಗಂಟು ಹಾಕಿ ಸೇದಿದೆ. ಬಿಚ್ಚಿಕೊಡಲು ಹೋದರೆ ಗಂಟು ನೀರಿಗೆ ಬಿಗಿದಿತ್ತು; ಹೋಗು ಹೋಗು ಎಂದು ಕೈಬೀಸಿದಳು.

“ಎಲ್ಲೀದೋ?” ಎಂದಳು ಅತ್ತೆ.

“ಗುಡೀದು,” ಎಂದೆ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಕಣ್ಣುಮುಚ್ಚಿ, ತಂಬಿಗೆ ಎತ್ತಿ ತಳ ಕಾಣುವವರೆಗೂ ಕುಡಿದಳು.

ಆ ಸುಳ್ಳನ್ನು ಹನ್ನೆರಡು ವರ್ಷ ಜೋಪಾನ ಮಾಡಿದೆ. ಕಳೆದ ವಾರ, ಹೌದಕ್ಕೆ ಇಷ್ಟುದ್ದದ ಹಗ್ಗ ಯಾಕೆಂದು ಗಂಟಿನ ಹತ್ತಿರ ಕತ್ತರಿಸಲು ಹೋದಾಗ ಅತ್ತೆ ಜಪಮಣಿ ನಿಲ್ಲಿಸಿದಳು.

“ಕತ್ತರಿಸಬ್ಯಾಡೋ,” ಎಂದಳು. “ಆ ಮುದಕಿ ಅವತ್ತ ಸಂಜೀಕ ನೀರು ಹ್ಯಾಂಗ ಸೇದಿದ್ಲೋ ಏನೋ, ಪಾಪ.”