ಟೇಪಿನ ಆಚೆ ತುದಿ

ದೆವ್ವ, ಭೂತ, ಗಾಳಿ ಸೋಕುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಬಹಳ ವರ್ಷ ಸಿವಿಲ್ ಡ್ರಾಯಿಂಗ್ ಪಾಠ ಮಾಡಿ ನಿವೃತ್ತಳಾದವಳು. ದೆವ್ವವೇ ಎದುರಿಗೆ ಬಂದು ನಿಂತರೂ ಅದರ ಉದ್ದಗಲ ಎಷ್ಟು ಎಂದು ಕೇಳುವವಳು ನೀನು ಎಂದು ನಮ್ಮ ಯಜಮಾನರು ಛೇಡಿಸುತ್ತಾರೆ. ಯಾರಾದರೂ ಇಂಥ ಕಥೆ ತೆಗೆದರೆ ನಾನು ಎದ್ದು ಕಾಫಿ ಮಾಡಲು ಹೋಗಿಬಿಡುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಹೇಳಹೊರಟಿದ್ದೇನೆ. ನಿಮಗೂ ಎದ್ದು ಹೋಗಬೇಕೆನಿಸಿದರೆ ನನಗೇನೂ ಬೇಸರವಿಲ್ಲ.

ಬಸವನಗುಡಿ ಮುಗಿದು ಹನುಮಂತನಗರ ಶುರುವಾಗುವ ಕಡೆ ಒಂದು ಅಡ್ಡರಸ್ತೆಯಲ್ಲಿ ಹಳೇ ಕಲ್ಲುಮನೆಯೊಂದಿದೆ. ಸಾಲಾಗಿ ನಿಂತ ಮನೆಗಳ ನಡುವೆ ಅದೊಂದೇ, ಯಾರ ಮೇಲೋ ಮುನಿಸಿಕೊಂಡವರ ಹಾಗೆ ರಸ್ತೆಗೆ ಓರೆಯಾಗಿ ಮುಖ ತಿರುಗಿಸಿಕೊಂಡಿದೆ. ಅದನ್ನು ಕಟ್ಟಿದಾಗ ಅಲ್ಲಿ ರಸ್ತೆಯೇ ಇರಲಿಲ್ಲ. ಗುಡ್ಡದವರೆಗೂ ರಾಗಿಹೊಲ, ಸೊಪ್ಪಿನ ಮಡಿ, ನಡುವೆ ಈ ಒಕ್ಕಲುಮನೆ, ಬಾವಿಯ ಕಡೆಗೆ ಬಾಗಿಲು. ಗೋಡೆಗಳೆಲ್ಲ ಕಾಡುಕಲ್ಲು, ಮಣ್ಣಿನ ಗಾರೆ. ಚಾವಣಿಗೆ ಮರದ ತೊಲೆಯಿಲ್ಲ. ಕಲ್ಲುಕಂಬಗಳ ಮೇಲೆ ಉದ್ದುದ್ದ ಚಪ್ಪಡಿ ಹಾಸಿ ಸುಣ್ಣ ಬಡಿದಿದ್ದಾರೆ. ಬಾಗಿಲು ನನ್ನಂಥ ಕುಳ್ಳಿಯೂ ತಲೆ ತಗ್ಗಿಸಬೇಕಾದಷ್ಟು ಗಿಡ್ಡ. ಬೇಸಿಗೆಯ ಮಧ್ಯಾಹ್ನ ಒಳಗೆ ಕಾಲಿಟ್ಟರೆ ಹೊರಗೆ ಬರಲು ಮನಸ್ಸಾಗುವುದಿಲ್ಲ.

ಆ ಮನೆಯ ಮುನಿರಾಜು ನಮಗೆ ತರಕಾರಿ ಕೊಡುವವನು. ಹೊಲವೆಲ್ಲ ಸೈಟಾದ ಮೇಲೆ ಅವರ ಮನೆತನ ಬೆಳೆಯುವುದು ಬಿಟ್ಟು ಮಾರುವುದಕ್ಕೆ ಇಳಿಯಿತು. ಜೊತೆಗಿರುವವಳು ಅವನ ತಾಯಿ ನಂಜಮ್ಮ, ಎಂಬತ್ತರ ಆಸುಪಾಸಿನ ಗಟ್ಟಿ ಮುದುಕಿ. ಇವರು ಏನು ಎಣಿಸಿದರೂ 'ಒಂದು' ಎನ್ನುವುದಿಲ್ಲ. "ಲಾಭ, ಎರಡು, ಮೂರು" ಎಂದೇ ತೆಂಗಿನಕಾಯಿ ಎಣಿಸಿ ಚೀಲಕ್ಕೆ ಹಾಕುತ್ತಾರೆ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ಲಾಭ ಎನ್ನುತ್ತಿದ್ದ ಹಳೇ ರೂಢಿ ಅದು. "ಹಾಗಾದ್ರೆ ಮೊದಲನೇ ಕಾಯಿ ನನಗೆ ಪುಕ್ಕಟೆನಾ?" ಎಂದು ಕೇಳಿ ನಾನೊಮ್ಮೆ ಇಬ್ಬರನ್ನೂ ನಗಿಸಿದ್ದೆ.

ಕೆಲವು ವರ್ಷಗಳ ಹಿಂದೆ ಮುನಿರಾಜುವಿಗೆ ಹೋಟೆಲುಗಳಿಗೆ ತರಕಾರಿ ಒದಗಿಸುವ ಕೆಲಸ ಸಿಕ್ಕಿತು. ಮೂಟೆ ಇಡಲು ಹಜಾರ ಸಾಲದಾಯಿತು. ಹಜಾರದ ಕೊನೆಯಲ್ಲಿ ಒಂದು ಮಣ್ಣಿನ ಗೋಡೆಯಿದೆ. ಅದರಾಚೆ, ಹಿತ್ತಲ ಕಡೆಯಿಂದ ಬಾಗಿಲಿರುವ ನಂಜಮ್ಮನ ಕೋಣೆ. ಗೋಡೆ ಒಡೆದು ಎರಡನ್ನೂ ಸೇರಿಸುವುದು ಅವನ ಯೋಚನೆ.

"ಮೇಡಂ, ಆ ಗೋಡೆ ಮೇಲೆ ಭಾರ ಇದ್ಯಾ ಇಲ್ವಾ, ಅಷ್ಟು ಹೇಳಿ ಸಾಕು. ನೀವು ಹೂಂ ಅಂದ್ರೆ ನಾಳೆ ನಾನೇ ಇಬ್ರನ್ನ ಕರ್ಕೊಂಡು ಒಡೆದಾಕ್ತೀನಿ," ಎಂದ.

ಹೋಗಿ ನೋಡಿದೆ. ಕಲ್ಲುಮನೆಯಲ್ಲಿ ಮಣ್ಣಿನ ಗೋಡೆಯೆಂದರೆ ಆಮೇಲೆ ಯಾರೋ ಎಬ್ಬಿಸಿದ ಅಡ್ಡಗೋಡೆ ಎಂಬುದು ಸ್ಪಷ್ಟ. ಚಾವಣಿಯ ಭಾರ ಅದರಾಚೆಯ ಕಲ್ಲುಕಂಬಗಳ ಮೇಲಿರಬೇಕು. ಸುಣ್ಣದ ಪದರಗಳಡಿ ಚಪ್ಪಡಿಗಳ ಸಂದು ಕಾಣದೆ, ಅವುಗಳ ತುದಿ ಎಲ್ಲಿ ಕೂತಿದೆಯೆಂದು ತಿಳಿಯುತ್ತಿರಲಿಲ್ಲ. 'ಒಡೀರಿ' ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಅಳತೆ ಹಿಡಿಯದೆ ಅಭಿಪ್ರಾಯ ಹೇಳಿದ ಹುಡುಗರನ್ನು ಕ್ಲಾಸಿನಿಂದ ಹೊರಗೆ ನಿಲ್ಲಿಸುತ್ತಿದ್ದವಳು ನಾನು. ಹಾಗಾಗಿ ಚೀಲದಿಂದ ನನ್ನ ಹಳೇ ಟೇಪು ತೆಗೆದೆ.

ಮುನಿರಾಜು ಯಾವುದೋ ಲೋಡು ಬಂತೆಂದು ಮಾರ್ಕೆಟ್ಟಿಗೆ ಹೋಗಿದ್ದ. ಕರೆಂಟ್ ಇರಲಿಲ್ಲ. ಹಜಾರದ ತುಂಬ ಎದೆಯೆತ್ತರಕ್ಕೆ ಮೂಟೆಗಳು, ಪಕ್ಕದಲ್ಲಿ ಒಬ್ಬರು ನುಸುಳುವಷ್ಟು ದಾರಿ. ನಾನು ಮುಂಬಾಗಿಲ ಹತ್ತಿರ ಗೋಡೆಗೆ ಒರಗಿ ಟೇಪಿನ ಸುರುಳಿ ಹಿಡಿದು ಕುಳಿತೆ. ನಂಜಮ್ಮ ತುದಿ ಹಿಡಿದುಕೊಂಡು ಮೂಟೆಗಳ ಹಿಂದೆ ಮರೆಯಾದಳು. ಮಣ್ಣಿನ ಗೋಡೆಯ ಬುಡಕ್ಕೆ ತಾಗಿಸಿ ಹಿಡಿಯಲು ಹೇಳಿದ್ದೆ.

ಸ್ವಲ್ಪ ಹೊತ್ತು ಟೇಪು ಸಡಿಲವಾಗಿ ಬಿದ್ದಿತ್ತು. ಆಮೇಲೆ ಆ ಕಡೆಯಿಂದ ಯಾರೋ ನಿಧಾನವಾಗಿ ಎಳೆದರು. ಸುರುಳಿ ನನ್ನ ಕೈಯಲ್ಲಿ ಇನ್ನಷ್ಟು ಬಿಚ್ಚಿಕೊಂಡು ಟೇಪು ಬಿಗಿಯಾಗಿ ನಿಂತಿತು.

"ಹಿಡ್ಕೊಂಡ್ರಾ ನಂಜಮ್ಮ?" ಎಂದೆ.

"ಲಾಭ," ಎಂದಿತು ಆಚೆಯ ದನಿ. ಕೊಂಚ ದಪ್ಪನೆಯ, ಕಫ ಕಟ್ಟಿದ ದನಿ. ಮುದುಕಿಗೆ ನೆಗಡಿಯಿರಬೇಕು, ಟೇಪಿನಲ್ಲೂ ಲಾಭ ಬಿಡಳಲ್ಲ ಎಂದು ನನ್ನಷ್ಟಕ್ಕೆ ನಕ್ಕು ಅಳತೆ ಬರೆದುಕೊಂಡೆ.

"ಆಗ್ಲೇ ಆಗೋಯ್ತಾ ಮೇಡಂ?"

ನಂಜಮ್ಮ ನನ್ನ ಪಕ್ಕದಲ್ಲೇ, ಮುಂಬಾಗಿಲಲ್ಲಿ ನಿಂತಿದ್ದಳು. ಹಿತ್ತಲಲ್ಲಿ ಸಿಲಿಂಡರ್‌ನವನು ಕೂಗಿದನಂತೆ. ತುದಿಯನ್ನು ಗೋಡೆಯ ಬುಡದಲ್ಲಿ ನೆಲದ ಮೇಲಿಟ್ಟು, ಪಕ್ಕದ ಬಾಗಿಲಿಂದ ಹೋಗಿ, ಮನೆ ಸುತ್ತಿಕೊಂಡು ಬಂದಿದ್ದಳು. ಟೇಪು ಇನ್ನೂ ನನ್ನ ಕೈಯಲ್ಲಿ ಬಿಗಿಯಾಗಿಯೇ ಇತ್ತು. ನಾನು ನೋಡುತ್ತಿದ್ದಂತೆ ಅದು ಮೆಲ್ಲಗೆ ಸಡಿಲಾಗಿ ನೆಲಕ್ಕಿಳಿಯಿತು.

ಹೆದರಿದೆ ಎಂದರೆ ಸುಳ್ಳಾಗುತ್ತದೆ. ಹೆದರಲು ಮೊದಲು ಅರ್ಥವಾಗಬೇಕಲ್ಲ. ಎದ್ದು ಮೂಟೆಗಳ ಹಿಂದೆ ಹೋದೆ. ಯಾರೂ ಇಲ್ಲ. ಟೇಪಿನ ತುದಿ ಗೋಡೆಯ ಬುಡದಲ್ಲಿ ಬಿದ್ದಿತ್ತು. ಗೋಡೆಯಲ್ಲಿ ಒಂದು ಬಿರುಕೂ ಇರಲಿಲ್ಲ.

ಮುನಿರಾಜು ಬಂದ ಮೇಲೆ ಅವನಿಂದ ತುದಿ ಹಿಡಿಸಿ ಮತ್ತೆ ಅಳೆದೆ. ಹಜಾರ ಮೊದಲಿಗಿಂತ ಎರಡು ಮೊಳದಷ್ಟು ಗಿಡ್ಡವಾಗಿತ್ತು. ಟೇಪು ಜೋಲಾದರೆ ಅಳತೆ ಹೆಚ್ಚು ಬರುತ್ತದೆ, ಅದನ್ನು ನಾನೇ ಎಷ್ಟೋ ಸಲ ಪಾಠ ಮಾಡಿದ್ದೇನೆ. ಆದರೆ ಬಿಗಿಯಾಗಿದ್ದ ಟೇಪಿನಲ್ಲಿ ಎರಡು ಮೊಳ? ಮೊದಲನೆಯದನ್ನು ಹೊಡೆದುಹಾಕಿ ಎರಡನೆಯದನ್ನು ಇಟ್ಟುಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಯಾಕೋ ಪೆನ್ನು ಏಳಲಿಲ್ಲ.

"ಈಗ್ಲೇ ಒಡೀಬೇಡಪ್ಪ. ಮೊದಲು ಕೈ ತೂರೋಷ್ಟು ಒಂದು ತೂತು ಮಾಡಿ ನೋಡೋಣ," ಎಂದೆ.

"ಇಷ್ಟು ಗೋಡೆಗೆ ಇದೆಲ್ಲ ಬೇಕಾ ಮೇಡಂ?" ಎಂದು ಗೊಣಗಿದನಾದರೂ ಉಳಿ ತಂದ.

ತೂತಿನೊಳಗೆ ಮೊಬೈಲಿನ ಬೆಳಕು ಬಿಟ್ಟು ನೋಡಿದೆವು. ಆಚೆ ನಂಜಮ್ಮನ ಕೋಣೆಯಿರಲಿಲ್ಲ, ಅದರ ಗೋಡೆಗೂ ಇದಕ್ಕೂ ನಡುವೆ ಕತ್ತಲ ಸಂದಿಯಿತ್ತು. ನೆಲದಲ್ಲಿ ಹಗೇವಿನ ಬಾಯಿ, ಅಂದರೆ ಹಿಂದೆ ರಾಗಿ ತುಂಬಿಡುತ್ತಿದ್ದ ನೆಲಗುಂಡಿ, ಅದರ ಮೇಲೊಂದು ಕಲ್ಲು. ಪಕ್ಕದಲ್ಲಿ ಚಾವಣಿ ಹೊರಬೇಕಾಗಿದ್ದ ಕಂಬ ನಡುವೆ ಸೀಳಿ ವಾಲಿತ್ತು. ಹಜಾರದ ಚಪ್ಪಡಿಗಳ ತುದಿಗಳು ಅದರಿಂದ ಜಾರಿ, ಈ ಮಣ್ಣಿನ ಗೋಡೆಯ ತಲೆಯ ಮೇಲೆ ಕೂತಿದ್ದವು. ಅಷ್ಟೂ ಕಲ್ಲಿಗೆ ಇದೊಂದೇ ಆಧಾರ. ಮರುದಿನ ಹಾರೆ ಹಿಡಿದು ಅದರ ಕೆಳಗೆ ನಿಲ್ಲಬೇಕಾಗಿದ್ದವನು ಮುನಿರಾಜು. ಅವನು ಹೊರಗೆ ಹೋಗಿ ಜಗಲಿಯ ಮೇಲೆ ಕುಳಿತುಬಿಟ್ಟ.

ಆಮೇಲೆ ಕಬ್ಬಿಣದ ಕಂಬ ಕೊಟ್ಟು, ಚಪ್ಪಡಿ ಎತ್ತಿ ನಿಲ್ಲಿಸಿ, ಗೋಡೆಯನ್ನು ಜೋಪಾನವಾಗಿ ಬಿಚ್ಚಿಸಿದೆವು. ಅವತ್ತು ಮುಂಬಾಗಿಲ ಗೋಡೆಯಿಂದ ಆ ಸಂದಿಯ ಹಿಂಬದಿಯವರೆಗೆ ಅಳೆದೆ. ನನ್ನ ಮೊದಲನೇ ಅಳತೆಯೇ ಬಂತು.

ಇಲಿ ಎಳೆದಿರಬಹುದು ಎಂದರು ನಮ್ಮ ಯಜಮಾನರು. ಇಲಿ ಲಾಭ ಎನ್ನುವುದಿಲ್ಲ ಎಂದೆ. ಅವರು ಎದ್ದು ಕಾಫಿ ಮಾಡಲು ಹೋದರು.

ನಂಜಮ್ಮನಿಗೆ ಮಾತ್ರ ಎಲ್ಲವನ್ನೂ ಹೇಳಿದೆ, ಆ ದನಿಯ ವಿಷಯವನ್ನೂ. ಅವಳು ಗಾಬರಿಯಾಗಲಿಲ್ಲ.

"ನಾನು ಮದ್ವೆಯಾಗಿ ಬರೋಷ್ಟ್ರಲ್ಲಿ ಹೊಲ ಎಲ್ಲಾ ಹೋಗಿತ್ತು ಮೇಡಂ. ರಾಗಿನೇ ಇಲ್ದ ಮೇಲೆ ಹಗೇವು ಯಾಕೆ ಅಂತ ನಮ್ ಮಾವ್ನೋರೇ ಅಡ್ಡ ಗೋಡೆ ಎಬ್ಬಿಸಿ ಮುಚ್ಚಿರ್ಬೇಕು, ನಂಗೆ ಗೊತ್ತಿರ್ಲಿಲ್ಲ," ಎಂದಳು. ಹಾಗೇ ಮುಂದುವರಿಸಿದಳು: "ಕೊನೆಕೊನೇಲಿ ಅವ್ರಿಗೆ ಬಲಗೈ ಬಿದ್ದೋಗಿತ್ತು. ನಾನೇ ತುತ್ತು ಕೊಡ್ತಿದ್ದೆ. ಕೊಳಗ ಎತ್ತಿದ ಕೈ, ಈಗ ಲೋಟ ಹಿಡಿಯೋಕಾಗಲ್ವಲ್ಲ ಅಂತ ಅಳೋರು."

ಆಮೇಲೆ ನನ್ನ ಕಡೆ ತಿರುಗಿದಳು.

"ಮೇಡಂ, ಅವ್ರು ಟೇಪ್ನ ಗಟ್ಟಿಯಾಗಿ ಹಿಡ್ದಿದ್ರಾ?"

"ಗಟ್ಟಿಯಾಗೇ ಹಿಡ್ದಿದ್ರು ನಂಜಮ್ಮ."

"ಹಂಗಾದ್ರೆ ಕೈ ವಾಸಿಯಾಗೈತೆ ಬಿಡಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಅವತ್ತು ಟೇಪು ಹಿಡಿದವರು ಯಾರೆಂದು ನೀವು ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ. ನಂಜಮ್ಮನಿಗೆ ನಾನು ಕೊಟ್ಟ ಉತ್ತರ ಮಾತ್ರ ಸುಳ್ಳಲ್ಲ.