ಹದಿಮೂರು ಗೋಲು, ಒಬ್ಬ ಸೊನ್ನೆಯಣ್ಣ

ಕನ್ನಡಕದಂಗಡಿಯ ಯಜಮಾನನನ್ನು ಊರೆಲ್ಲ ಸೊನ್ನೆಯಣ್ಣ ಅಂತಲೇ ಕರೆಯುತ್ತದೆ. ಅದಕ್ಕೆ ಅವನು ಮುಖ ಗಂಟಿಕ್ಕುವವನಲ್ಲ. ಆ ಹೆಸರನ್ನು ಊರಿಗೆಲ್ಲ ಹಂಚಿದ ಭೂಪ ಅವನೇ!

ದೇಶದ ಫುಟ್‌ಬಾಲ್ ತಂಡ ಅಂದರೆ ಸಾಮಾನ್ಯದ್ದಲ್ಲ. ಮೂರು ಸಲ ಖಂಡದ ಕಪ್ ಗೆದ್ದಿದೆ. ಅತಿ ಹೆಚ್ಚು ಗೋಲು ಹೊಡೆದ ಕ್ಯಾಪ್ಟನ್ನನ ಪ್ರತಿಮೆ ಕ್ರೀಡಾಂಗಣದ ಎದುರು ನಿಂತಿದೆ. ಹದಿಮೂರು–ಸೊನ್ನೆಯ ಗೆಲುವಂತೂ ಮೂವತ್ತು ವರ್ಷದಿಂದ ಯಾರೂ ಅಲ್ಲಾಡಿಸದ ದಾಖಲೆ. ಆವತ್ತು ಕ್ಯಾಪ್ಟನ್ ನಾಲ್ಕು ಹೊಡೆದ, ಒಂಬತ್ತು ಮಂದಿ ಒಂದೊಂದು ಹಂಚಿಕೊಂಡರು. ಗೆಲುವು ಕೈಗೆ ಬಂದ ಮೇಲೆ ಸಿಗುವ ಪೆನಾಲ್ಟಿಯನ್ನು ಗೋಲಿಲ್ಲದವನಿಗೆ ಕೊಡುವುದು ಆ ತಂಡದ ಪದ್ಧತಿ. ಹಾಗಾಗಿ ಗೋಲ್‌ಕೀಪರ್ ಕೂಡ ಒಂದು ಹಾಕಿದ. ಕೊನೆಯ ಪೆನಾಲ್ಟಿ ಸಿಕ್ಕಿದ್ದು ಉಳಿದ ಒಬ್ಬನೇ ಪುಣ್ಯಾತ್ಮನಿಗೆ, ನಮ್ಮ ಸೊನ್ನೆಯಣ್ಣನಿಗೆ. ಅವನ ಪಾಲಿಗೆ ಅದೇ ಮೊದಲ ಪಂದ್ಯ, ಅದೇ ಕೊನೆಯದು.

"ಚೆಂಡು ಮೇಲಕ್ಕೆ ಹೋಗಿದ್ದು ಇನ್ನೂ ಇಳಿದಿಲ್ಲ ಸ್ವಾಮಿ," ಎನ್ನುತ್ತ ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಗಾಜು ಸಿಕ್ಕಿಸುತ್ತಾನೆ. "ಅಷ್ಟಗಲದ ಗೋಲು ಕಾಣದವನು ನಿಮ್ಮ ಕಣ್ಣು ನೋಡ್ತಿದ್ದೀನಿ. ಧೈರ್ಯ ಇದ್ರೆ ಕೂತ್ಕೊಳ್ಳಿ!" ಗಿರಾಕಿ ಬಿದ್ದು ಬಿದ್ದು ನಗುತ್ತಾನೆ, ಗೋಡೆಯ ಅಕ್ಷರಗಳು ಅಲ್ಲಾಡುತ್ತವೆ, ಪರೀಕ್ಷೆ ಮತ್ತೆ ಮೊದಲಿಂದ.

ಹೀಗಿರಲಾಗಿ ಒಂದು ಸಂಜೆ ಅಂಗಡಿಯ ಟಿವಿಯಲ್ಲಿ ಈಗಿನ ತಂಡ ಯಾವುದೋ ಪಾಪದ ತಂಡವನ್ನು ಹಿಗ್ಗಾಮುಗ್ಗಾ ಚಚ್ಚತೊಡಗಿತು. ಹತ್ತು, ಹನ್ನೊಂದು, ಹನ್ನೆರಡು. ಬೀದಿಯ ಜನವೆಲ್ಲ ಒಳಗೆ ನುಗ್ಗಿ ಫ್ರೇಮುಗಳ ಕಪಾಟಿಗೆ ಒರಗಿ ನಿಂತರು. ಹದಿಮೂರನೆಯದೂ ಬಿತ್ತು. ಸೊನ್ನೆಯಣ್ಣ ಟಿವಿಯ ಹತ್ತಿರಕ್ಕೆ ಸರಿದ. ದಾಖಲೆ ಹೋದರೆ ತನ್ನ ಸೊನ್ನೆಯನ್ನು ಯಾರು ಕೇಳುತ್ತಾರೆ? ಬದುಕಿನಲ್ಲಿ ಗಳಿಸಿದ ಹೆಸರು ಅದೊಂದೇ. ಥೂ, ಸೊನ್ನೆಗೂ ಇಷ್ಟು ಆಸೆಯೇ ಅಂತ ತನ್ನನ್ನೇ ಬೈದುಕೊಂಡ. ಆಸೆ ಮಾತ್ರ ಜಗ್ಗಲಿಲ್ಲ.

ಕೊನೇ ನಿಮಿಷದಲ್ಲಿ ಪೆನಾಲ್ಟಿ! ಪದ್ಧತಿಯಂತೆ ಚೆಂಡನ್ನು ಗೋಲಿಲ್ಲದ ಎಳೇ ಡಿಫೆಂಡರ್ ಕೈಗೆ ಕೊಟ್ಟರು.

"ಹೊಡಿಯೋ, ಹೊಡಿ!" ಅಂಗಡಿಯೆಲ್ಲ ಕೂಗಿತು. ಸೊನ್ನೆಯಣ್ಣನೂ ಜೊತೆಗೆ ಬಾಯಾಡಿಸಿದ, ಅಷ್ಟೇ. ಹೋಗಲಿ, ಮೇಲೆ ಹೋಗಲಿ ಅಂತ ಮನಸ್ಸು ಹರಕೆ ಹೊರುತ್ತಿತ್ತು.

ಮೇಲೆಯೇ ಹೋಯಿತು.

"ಅಯ್ಯೋ!" ಎಂದರು ಎಲ್ಲರೂ. ಆಮೇಲೆ ಪಕ್ಕದ ಚಪ್ಪಲಿ ಅಂಗಡಿಯವನು ತಿರುಗಿ, "ಬಚಾವಾದ್ರಿ ಸೊನ್ನೆಯಣ್ಣ! ಇವನಿಗೂ ಒಂದು ಕನ್ನಡಕದಂಗಡಿ ಹಾಕ್ಸಿಕೊಡಿ," ಎಂದ. ಎಲ್ಲರೂ ಹೋ ಎಂದು ನಕ್ಕರು. ಸೊನ್ನೆಯಣ್ಣನೂ ನಗಲು ಹೊರಟ. ಅಷ್ಟರಲ್ಲಿ ಪರದೆಯ ತುಂಬ ಆ ಹುಡುಗ ಕಂಡ. ಹುಲ್ಲಿನ ಮೇಲೆ ಕುಕ್ಕರಿಸಿ, ಅಂಗಿಯನ್ನು ಮುಖಕ್ಕೆ ಎಳೆದುಕೊಂಡು ಕೂತಿದ್ದ. ಭುಜಗಳು ಅಲುಗುತ್ತಿದ್ದವು.

"ಸುಮ್ನಿರ್ರೋ! ಅದರಲ್ಲಿ ನಗೋದೇನಿದೆ?" ಎಂದು ಸೊನ್ನೆಯಣ್ಣ ಗದರಿದ. ಅಂಗಡಿಗೆ ಅಂಗಡಿಯೇ ಕಕ್ಕಾಬಿಕ್ಕಿ. ಇವನ ಬಾಯಲ್ಲಿ ಇಂಥ ಮಾತೇ?

ಜನ ಒಬ್ಬೊಬ್ಬರಾಗಿ ಜಾರಿಕೊಂಡರು. ಹೆಂಡತಿ ಕಪಾಟಿನ ಗಾಜಿನ ಮೇಲಿನ ಬೆರಳ ಗುರುತುಗಳನ್ನು ಒರೆಸತೊಡಗಿದಳು.

"ಆವತ್ತು ನೀವೂ ಹೀಗೇ ಕೂತಿದ್ರಿ," ಎಂದಳು.

"ನೀನು ಬಂದಿದ್ಯಾ?"

"ಅಪ್ಪನ ಜೊತೆ ಬಂದಿದ್ದೆ. ಮದುವೆ ಮಾತುಕತೆ ಆಗಿತ್ತಲ್ಲ, ನಿಮ್ಮ ಆಟ ನೋಡೋಕೆ ಅಂತ."

ಅವನಿಗೆ ನಾಚಿಕೆಯಾಯಿತು. "ಮೂವತ್ತು ವರ್ಷ ಬಾಯಿ ಬಿಡಲಿಲ್ಲವಲ್ಲೇ! ನಕ್ಕಿರಬೇಕು ನೀನೂ."

"ನಾನ್ಯಾಕೆ ನಗ್ಲಿ? ಅಳು ತಡೆಯೋಕಾಗದೆ ಅಪ್ಪನ ಶಾಲು ಒದ್ದೆ ಮಾಡಿದ್ದೆ," ಎಂದಳು ಅವಳು, ಬಟ್ಟೆ ಹಿಂಡುತ್ತ. "ಮದುವೆಯಾಗಿ ಬಂದು ನೋಡಿದ್ರೆ ನೀವೇ ಎಲ್ಲರನ್ನೂ ನಗಿಸ್ತಿದ್ರಿ. ಇನ್ನೇನು ಮಾಡ್ಲಿ, ನಾನೂ ನಕ್ಕೆ."