ಗಣಪತಿ ಶೆಡ್ಡಿನ ಬಾಲವಾಡಿ

ಥಾಣೆ ಜಿಲ್ಲೆಯ ಐರೋಲಿಯ ನಮ್ಮ ಮನೆಯಲ್ಲಿ ಪಾತ್ರೆ ತಿಕ್ಕಲು ಬರುವವಳು ಕಲಬುರಗಿ ಕಡೆಯ ಹೆಂಗಸು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಮಗಳನ್ನು ಬಿಟ್ಟುಬರಲು ಯಾರೂ ಇಲ್ಲದೆ ಅವಳು ಹೋದ ವರ್ಷವೆಲ್ಲ ಜೊತೆಗೇ ಕರೆತರುತ್ತಿದ್ದಳು. ನಾಲ್ಕು ತುಂಬದ ಕೂಸು. ಫ್ರಿಜ್ಜಿನ ಪಕ್ಕ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕೂರುತ್ತಿತ್ತು. ಬಿಸ್ಕತ್ತು ಚಾಚಿದರೂ ಮೊದಲು ತಾಯಿಯ ಮುಖ ನೋಡುತ್ತಿತ್ತು. ಮಂದಿಯ ಮನೆಯಲ್ಲಿ ಏನೂ ಮುಟ್ಟಬಾರದು, ಸದ್ದು ಮಾಡಬಾರದು ಎಂದು ತಾಯಿ ಕಲಿಸಿದ್ದಳು. ಕಲಿಸದೆ ಇದ್ದಿದ್ದರೆ ನಮ್ಮ ಬಿಲ್ಡಿಂಗಿನವರು ಮಗುವನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ.

ನಾನು ಚಿಕ್ಕವಳಿದ್ದಾಗ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮನ್ನೂ ಕೈಕಟ್ಟಿ ಕೂರಿಸುತ್ತಿದ್ದರು. ಪ್ರಾರ್ಥನೆ ಮುಗಿಯುವ ತನಕ ಅಷ್ಟೆ. ಆಮೇಲೆ ಹಾಡು, ಜೇಡಿಮಣ್ಣು, ಅಂಗೈಗೆಲ್ಲ ಬಣ್ಣ.

ಹಿಂದಿನ ಗಲ್ಲಿಯಲ್ಲಿ ಸರ್ಕಾರದ ಬಾಲವಾಡಿ, ಅಂದರೆ ಅಂಗನವಾಡಿ, ಇದೆ ಎಂದು ಗೊತ್ತಾದಾಗ ನಾನೇ ಹೋಗಿ ನೋಡಿ ಬಂದೆ. ಗಣೇಶ ಮಂಡಳದ ತಗಡಿನ ಶೆಡ್ಡು. ಮೂಲೆಯಲ್ಲಿ ಹೊದಿಕೆ ಹಾಕಿದ ಢೋಲುಗಳು, ಗೋಡೆಯ ಮೇಲೆ ಟೀಚರು ತಾವೇ ಬರೆದ ಮಾವು, ಮೀನು, ಮರಾಠಿ ಅಕ್ಷರ. ಮಗು ಸೇರಿತು. ಮಳೆ ಶುರುವಾಗುವ ಹೊತ್ತಿಗೆ ಕೈ ಬೆನ್ನು ಬಿಟ್ಟು ಮುಂದೆ ಬಂದಿತ್ತು. ಮಧ್ಯಾಹ್ನ ತಾಯಿಯ ಜೊತೆ ಬಂದರೆ ಲಿಫ್ಟಿನಿಂದಲೇ ಹಾಡು ಕೇಳಿಸುತ್ತಿತ್ತು.

"ಏನ್ ಹಾಡ್ತದೋ ನನಗಂತೂ ತಿಳಿಯಂಗಿಲ್ರೀ ಅಕ್ಕಾರ," ಎಂದು ತಾಯಿ ನಗುತ್ತಿದ್ದಳು. "ಮನಿ ತುಂಬ ಗದ್ಲ ನೋಡ್ರಿ."

ಶ್ರಾವಣ ಬಂತು. ಮಂಡಳದ ಹುಡುಗರು ಢೋಲು ಹೊರತೆಗೆದರು, ಗೋಡೆಗೆ ಹಳದಿ ಸ್ಯಾಟಿನ್ ಬಟ್ಟೆ ಹೊಡೆದರು. ಮೀನು, ಮಾವು ಅದರ ಹಿಂದೆ ಹೋದವು. ಗಣಪತಿ, ಅದರ ಬೆನ್ನಿಗೇ ನವರಾತ್ರಿ, ಎಲ್ಲ ಮುಗಿದ ಮೇಲೆ ಬನ್ನಿ ಎಂದು ಟೀಚರು ತಲೆ ತಗ್ಗಿಸಿಕೊಂಡು ಹೇಳಿದರಂತೆ. ಮಂಡಳದವರ ಮೇಲೆ ನನಗೆ ಸಿಟ್ಟಿಲ್ಲ. ಶೆಡ್ಡು ಅವರದು, ಇಷ್ಟು ದಿನ ಬಿಟ್ಟುಕೊಟ್ಟದ್ದೇ ಅವರ ದೊಡ್ಡತನ. ಅದೇ ಗಣಪತಿಗೆ ನಾನೂ ಕೈಮುಗಿಯುತ್ತೇನೆ. ಆದರೆ ಮಕ್ಕಳ ಶಾಲೆ ಇನ್ನೊಬ್ಬರ ದೊಡ್ಡತನದ ಮೇಲೆ ಯಾಕೆ ನಡೆಯಬೇಕು?

ತಾಯಿ, ಮಗು, ನಾನು ಮೂವರೂ ಕಾರ್ಪೊರೇಷನ್ನಿನ ವಾರ್ಡ್ ಆಫೀಸಿಗೆ ಹೋದೆವು. ಬಾಲವಾಡಿ ನಮ್ಮದಲ್ಲ, ರಾಜ್ಯದ್ದು, ಥಾಣೆಯ ಜಿಲ್ಲಾ ಆಫೀಸಿಗೆ ಹೋಗಿ ಅಂದರು. ಲೋಕಲ್ ಹಿಡಿದು ಹೋದೆವು. ಅಲ್ಲಿಯ ಸಾಹೇಬರು ನನಗೊಂದು ಕುರ್ಚಿ ತರಿಸಿದರು. ನನ್ನ ಇಂಗ್ಲಿಷಿಗೆ ಸಿಕ್ಕಿದ ಕುರ್ಚಿ ಅದು. ತಾಯಿ, ಮಗು ನಿಂತೇ ಇದ್ದರು. ಜಾಗ ಕಾರ್ಪೊರೇಷನ್ ಕೊಡಬೇಕು, ನಮ್ಮ ಕೈಯಲ್ಲಿ ಏನಿದೆ ಎಂದು ಅವರು ಹಿಂದಿಯಲ್ಲಿ ತಣ್ಣಗೆ ವಿವರಿಸಿದರು. ಕೊನೆಗೆ ಸಮಾಧಾನವನ್ನೂ ಹೇಳಿದರು.

"ಬಾಲವಾಡಿಯ ರೇಷನ್ ಮನೆಗೆ ತಲುಪುತ್ತಿದೆಯಲ್ಲ ಮೇಡಂ. ಇಷ್ಟು ಚಿಕ್ಕ ಮಕ್ಕಳಿಗೆ ಓದೇನು ಬಂತು?"

ನಾನು ಹಾಲಿನವನಿಗೂ ದನಿ ಏರಿಸಿದವಳಲ್ಲ. ಅವತ್ತು ಏರಿತು. ನಿಮ್ಮ ಮಗು ಈ ವಯಸ್ಸಿಗೆ ಎಲ್ಲಿತ್ತು ಎಂದು ಕೇಳಿದೆ. ನೌಪಾಡಾದ ಪ್ಲೇಸ್ಕೂಲಿನಲ್ಲಿ ಅಂದರು, ಸ್ವಲ್ಪ ಹೆಮ್ಮೆಯಿಂದಲೇ.

"ಹಬ್ಬಕ್ಕೆ ಅಂತ ಅದನ್ನೂ ನವರಾತ್ರಿ ತನಕ ಮುಚ್ಚುತ್ತಿದ್ದರಾ?"

ಅವರು ಮುಂದಿನವರನ್ನು ಕರೆದರು.

ನಮ್ಮ ಕಡೆಯ ಚೌಕಗಳಲ್ಲಿ ಬಣ್ಣದ ಕಾರಂಜಿಗಳಿವೆ. ಖಾಡಿಯ, ಅಂದರೆ ಕಡಲ ಹಿನ್ನೀರಿನ, ದಂಡೆಯಲ್ಲಿ ವಾಕಿಂಗಿಗೆ ಹಾದಿ, ಹಾದಿಗುಂಟ ದೀಪ. ನಾನೂ ಅಲ್ಲಿ ನಡೆಯುತ್ತೇನೆ, ಬೇಡ ಅನ್ನುವುದಿಲ್ಲ. ಆದರೆ ಕಾರಂಜಿಗೆ ಸಿಕ್ಕ ಜಾಗ, ದುಡ್ಡು, ಒಂದು ಗಟ್ಟಿ ಕೋಣೆಗೆ, ನಲ್ಲಿಗೆ, ಮಕ್ಕಳ ಎತ್ತರದ ಕಕ್ಕಸಿಗೆ, ಇನ್ನೊಬ್ಬ ಟೀಚರಿಗೆ ಸಿಗುವುದಿಲ್ಲವೆಂದರೆ ಇಲ್ಲದಿರುವುದು ದುಡ್ಡಲ್ಲ. ಆರು ವರ್ಷಕ್ಕೆ ಶಾಲೆಗೆ ಸೇರಿಸಿಕೊಂಡು, ಈ ಮಗು ಬಾಯೇ ಬಿಡುವುದಿಲ್ಲ ಎಂದು ದೂರುವವರೂ ಇವರೇ.

ಪಕ್ಕದ ಮನೆಯವರು, ನೀವೇ ಮನೆಯಲ್ಲಿ ಹೇಳಿಕೊಡಿ, ಪುಣ್ಯ ಬರುತ್ತೆ ಅಂದರು. ಬಣ್ಣದ ಪೆಟ್ಟಿಗೆ ತಂದಿಟ್ಟಿದ್ದೇನೆ. ಹಾಗಂತ ನನ್ನ ಅಡುಗೆಮನೆಯ ಮೂಲೆಯನ್ನು ಶಾಲೆ ಅಂದರೆ ಒಪ್ಪಲಾರೆ. ಆ ಶೆಡ್ಡಿನ ಉಳಿದ ಮಕ್ಕಳು ಯಾರ ಮನೆಯ ಯಾವ ಮೂಲೆಯಲ್ಲಿ ಕೂತಿದ್ದಾರೋ.

ಮೊನ್ನೆ ಶೆಡ್ಡಿನ ಕಡೆಯಿಂದ ಢೋಲು ಕೇಳಿಸಿತು. ಫ್ರಿಜ್ಜಿನ ಪಕ್ಕದಿಂದ ಮಗು ತನ್ನ ಹಾಡು ಎತ್ತಿತು. ಸಿಂಕಿನ ಮುಂದೆ, ಕೈಯಲ್ಲಿ ನೊರೆ ಹಿಡಿದೇ ತಾಯಿ ತಿರುಗಿ 'ಶ್' ಅಂದಳು. ಹಾಡಲಿ ಬಿಡೇ, ಇಲ್ಲಿ ಯಾರು ಏನನ್ನುತ್ತಾರೆ ಎಂದೆ ನಾನು.

"ಇಲ್ಲಿ ಹಾಡಾಕ ಬಿಟ್ರ ಮುಂದಿನ ಮನ್ಯಾಗೂ ಹಾಡ್ತದ್ರೀ ಅಕ್ಕಾರ."

ಮಗು ಕೈ ಹಿಂದೆ ಕಟ್ಟಿಕೊಂಡಿತು.